ಬಾನಿಗೆ ಬೆಳಕು ಬಿಡುವವನ ಮಾತು



ನನ್ನ ಹೆಸರು ನಿಮಗೆ ಗೊತ್ತಿರಲಾರದು. ಗೊತ್ತಿರಬೇಕಾದ ಅಗತ್ಯವೂ ಇಲ್ಲ ಬಿಡಿ. ತೆರೆಯ ಮೇಲೆ ನಾಯಕನ ಹೆಸರು ಬಂದಾಗ ನೀವು ಕುರ್ಚಿ ಹತ್ತಿ ಶಿಳ್ಳೆ ಹೊಡೆಯುತ್ತೀರಿ. ಲೈಟ್‌ಮ್ಯಾನ್‌ಗಳ ಸರದಿ ಬರುವ ಹೊತ್ತಿಗೆ ಕಾಗದದ ಚೂರು ಎರಚುವುದರಲ್ಲಿ ಮುಳುಗಿರುತ್ತೀರಿ. ನನಗೇನೂ ಬೇಸರವಿಲ್ಲ. ಆದರೆ ನನ್ನ ಕೈಕೆಲಸವನ್ನು ನೀವು ನೋಡಿಯೇ ಇದ್ದೀರಿ. ದೊಡ್ಡ ಚಿತ್ರದ ಬಿಡುಗಡೆಯ ಹಿಂದಿನ ರಾತ್ರಿ, ಚಿತ್ರಮಂದಿರದ ನೆತ್ತಿಯ ಮೇಲೆ ಬಿಳಿ ಬೆಳಕಿನ ಕಂಬವೊಂದು ಆಕಾಶವನ್ನು ಸವರುತ್ತಾ ಸುತ್ತುತ್ತದಲ್ಲ? ಮೈಲಿಗಟ್ಟಲೆ ದೂರದ ಹಳ್ಳಿಯ ಜಗಲಿ ಮೇಲೆ ಕೂತವರೂ "ಟೌನ್‌ನಲ್ಲಿ ಏನೋ ಐತೆ ಕಣ್ಲಾ" ಅಂತ ತಲೆಯೆತ್ತಿ ನೋಡುತ್ತಾರಲ್ಲ? ಆ ಕಂಬದ ಬುಡದಲ್ಲಿ ನಿಂತಿರುವವನು ನಾನು.

ಈಚೆಗೆ ಒಂದು ಹೊಸ ಚಾಳಿ ಶುರುವಾಗಿದೆ. ಅಭಿಮಾನಿ ಸಂಘದ ಹುಡುಗರು ಸರ್ಚ್‌ಲೈಟ್ ಬಾಡಿಗೆಗೆ ತರುವುದನ್ನು ಬಿಟ್ಟು, ಎಲ್ಲೋ ಮೂಲೆಯಲ್ಲಿ ಬಿದ್ದಿದ್ದ ಹಳೆಯದನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡು ತಾವೇ ಹಚ್ಚಲು ಹೊರಟಿದ್ದಾರೆ. ನನ್ನ ಹತ್ತಿರ ಬಂದು, "ಅಣ್ಣಾ, ಸ್ವಿಚ್ ಒತ್ತಿದ್ರೆ ಹತ್ಕೊಳತ್ತೆ ಅಲ್ವಾ? ಅದ್ರಲ್ಲೇನಿದೆ?" ಎನ್ನುತ್ತಾರೆ. ಅದರಲ್ಲಿ ಏನೇನಿದೆ ಎಂದು ಹೇಳುವುದಕ್ಕೇ ಈ ನಾಲ್ಕು ಮಾತು.

ಮೃಗದ ಹೆಸರಿನ ದೀಪ

ಸಿನಿಮಾಕ್ಕೂ ಸರ್ಚ್‌ಲೈಟಿಗೂ ನೂರು ವರ್ಷದ ನಂಟು. ಹಾಲಿವುಡ್ಡಿನ ಈಜಿಪ್ಶಿಯನ್ ಚಿತ್ರಮಂದಿರ 1922ರಲ್ಲಿ 'ರಾಬಿನ್ ಹುಡ್' ಚಿತ್ರದೊಂದಿಗೆ ಬಾಗಿಲು ತೆರೆಯಿತು. ಅಂಥ ಭರ್ಜರಿ ಪ್ರೀಮಿಯರ್‌ಗಳ ಕಾಲದಲ್ಲೇ ಆಕಾಶಕ್ಕೆ ಬೆಳಕು ಬಿಡುವ ರೂಢಿಯೂ ಬೆಳೆಯಿತು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಲಾಂಛನದಲ್ಲಿ ಬೆಳಕಿನ ಕಂಬಗಳು ಅತ್ತಿತ್ತ ಆಡುವುದನ್ನು ನೋಡದ ಸಿನಿಮಾ ಹುಚ್ಚ ಯಾರಿದ್ದಾನೆ! ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನ ಹುಡುಕಲು ಅಮೆರಿಕದವರು ಮಾಡಿದ್ದ 60 ಅಂಗುಲ ಕನ್ನಡಿಯ ಸರ್ಚ್‌ಲೈಟುಗಳಿದ್ದವು. ಒಂದೊಂದರ ಶಕ್ತಿ 80 ಕೋಟಿ ಕ್ಯಾಂಡಲ್. ಯುದ್ಧ ಮುಗಿದ ಮೇಲೆ ಅವೇ ಹರಾಜಿಗೆ ಬಂದು ಚಿತ್ರಮಂದಿರಗಳ ಮುಂದೆ ನಿಂತವು. ಸಾವಿನ ಕೆಲಸಕ್ಕೆ ಹುಟ್ಟಿದ ದೀಪ ಸಡಗರಕ್ಕೆ ಬಂತು ಅನ್ನಿ.

ನಾನು ಈ ಕಸುಬಿಗೆ ಬಿದ್ದದ್ದು 1979ರಲ್ಲಿ, ಹೊರಾಂಗಣ ಚಿತ್ರೀಕರಣದ ಯೂನಿಟ್ಟೊಂದರಲ್ಲಿ. ಆಗ ನನಗೆ ಹದಿನೇಳು. ಮೀಸೆ ಚಿಗುರಿರಲಿಲ್ಲ, ನಾಯಕಿಯನ್ನು ಹತ್ತಿರದಿಂದ ನೋಡಬಹುದೆಂಬ ಆಸೆ ಮಾತ್ರ ಚಿಗುರಿತ್ತು! ಕೈಗೆ ಕೊಟ್ಟದ್ದು 'ಬ್ರೂಟ್' ಎಂಬ ಕಾರ್ಬನ್ ಆರ್ಕ್ ದೀಪ. ಹೆಸರಿನ ಅರ್ಥವೇ ಮೃಗ. ಅದು ನುಂಗುತ್ತಿದ್ದದ್ದು 225 ಆಂಪಿಯರ್ ಡಿ.ಸಿ. ಕರೆಂಟು. ಎರಡು ಕಾರ್ಬನ್ ಕಡ್ಡಿಗಳನ್ನು ಮುಟ್ಟಿಸಿ ಕೊಂಚ ದೂರ ಸರಿಸಿದರೆ ನಡುವೆ ಬೆಂಕಿಯ ಸೇತುವೆ ಹತ್ತಿಕೊಳ್ಳುತ್ತದೆ. ಕಡ್ಡಿಯ ತುದಿಯ ಶಾಖ 3500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಉರಿದಂತೆಲ್ಲ ಕಡ್ಡಿ ಸವೆಯುತ್ತದೆ, ಅರ್ಧ ಮುಕ್ಕಾಲು ಗಂಟೆಗೊಮ್ಮೆ ಬದಲಿಸಬೇಕು. ದಪ್ಪ ಕಪ್ಪು ಗಾಜಿನ ಕಿಂಡಿಯಿಂದಲೇ ಅದನ್ನು ನೋಡಬೇಕು.

ನಮ್ಮ ಮೇಸ್ತ್ರಿ ಬೀಡಿ ಸೇದುತ್ತಾ ಮೊದಲ ದಿನವೇ ಹೇಳಿದ್ದರು: "ಮಗಾ, ನಾಯಕಿನ ಬೇಕಾದ್ರೆ ನೋಡು, ಆರ್ಕ್‌ನ ಮಾತ್ರ ಬರಿಗಣ್ಣಲ್ಲಿ ನೋಡ್ಬೇಡ." ಅವರ ಮಾತು ಕೇಳದವರ ಗತಿ ನಾನು ಕಂಡಿದ್ದೇನೆ. ಸಂಜೆ ಏನೂ ಆಗಿರುವುದಿಲ್ಲ, ನಗುನಗುತ್ತಾ ಊಟ ಮಾಡಿ ಮಲಗುತ್ತಾರೆ. ನಡುರಾತ್ರಿಗೆ ಕಣ್ಣಿನೊಳಗೆ ಮರಳು ಸುರಿದಂತಾಗಿ ಗೋಳಾಡುತ್ತಾರೆ. ಅದು ಬೆಳಕಿನ ಜೊತೆ ಬರುವ ಅಲ್ಟ್ರಾವಯೊಲೆಟ್ ಕಿರಣದ ಕೆಲಸ, ಕಣ್ಣಿನ ಮೇಲ್ಪದರವನ್ನೇ ಸುಡುತ್ತದೆ. ಹಾಗಾದಾಗ ಕಣ್ಣುಜ್ಜದೆ ನೇರ ಡಾಕ್ಟರ ಹತ್ತಿರ ಹೋಗಬೇಕು.

ಗಾಜಿನ ಬುರುಡೆಯಲ್ಲಿ ಲಾರಿ ಟೈರು

ಆರ್ಕ್‌ಗಳ ಕಾಲ ಮುಗಿಯಿತು. ನಾನು ಯೂನಿಟ್ ಬಿಟ್ಟು ಸರ್ಚ್‌ಲೈಟಿನ ಕಸುಬು ಹಿಡಿದೆ. ಈಗ ಚಿತ್ರಮಂದಿರದ ಮುಂದೆ ನೀವು ನೋಡುವ ದೊಡ್ಡ ಸರ್ಚ್‌ಲೈಟುಗಳಲ್ಲಿ ಬಹಳಷ್ಟರ ಒಳಗಿರುವುದು ಕ್ಸೆನಾನ್ ಬಲ್ಬು. 2000 ವ್ಯಾಟಿನಿಂದ 7000 ವ್ಯಾಟಿನವರೆಗೆ ಸಿಗುತ್ತದೆ. ನೋಡಲು ಬಹಳ ಸಾಧು: ನಡುವೆ ಉಬ್ಬಿದ ಗಾಜಿನ ಬುರುಡೆ, ಎರಡು ತುದಿಗೆ ಲೋಹದ ಟೋಪಿ. ಆದರೆ ಆ ಬುರುಡೆಯೊಳಗೆ ಅನಿಲವನ್ನು ಒತ್ತಿ ತುಂಬಿರುತ್ತಾರೆ. ತಣ್ಣಗಿರುವಾಗಲೇ ಅದರೊಳಗಿನ ಒತ್ತಡ ಲಾರಿ ಟೈರಿನಷ್ಟು. ಉರಿಯುವಾಗ ಅದರ ಮೂರು ಪಟ್ಟು! ಟೈರಾದರೆ ರಬ್ಬರು, ಇದು ಗಾಜು. ಸಿಡಿದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ಆದ್ದರಿಂದ ಬಲ್ಬು ಹಾಕುವ ಕೆಲಸಕ್ಕೆ ನಾನು ಮುಖಕ್ಕೆ ಪೂರ್ತಿ ಮುಚ್ಚುವ ಕವಚ, ಕೈಗೆ ದಪ್ಪ ಚರ್ಮದ ಗ್ಲೌಸು, ಮೈಗೆ ದಪ್ಪ ಕೋಟು ತೊಡದೆ ಕೈ ಹಾಕುವುದಿಲ್ಲ. ಹುಡುಗರು ನಗುತ್ತಾರೆ—"ಏನಣ್ಣಾ, ಫೈಟ್ ಸೀನಾ?" ಅಂತ. ನಗಲಿ. ಬಲ್ಬು ತನ್ನ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ಹೊರಬರುವುದು ಕೂಡಿಸುವ ಕ್ಷಣದಲ್ಲಿ ಮಾತ್ರ. ಗಾಜಿಗೆ ಬೆರಳು ತಾಗಿಸಬಾರದು. ಬೆರಳಿನ ಜಿಡ್ಡು ಉಳಿದರೆ ಅಲ್ಲೇ ಕಾದು ಗಾಜು ಕೆಡುತ್ತದೆ. ಅಕಸ್ಮಾತ್ ತಾಗಿದರೆ ಹತ್ತಿಸುವ ಮೊದಲೇ ಸ್ಪಿರಿಟ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರೆಸಬೇಕು. ಎರಡು ತುದಿಯನ್ನೂ ಜಗ್ಗಿ ಬಿಗಿಯಬಾರದು. ಕಾದಾಗ ಬಲ್ಬು ಹಿಗ್ಗುತ್ತದೆ, ಒಂದು ತುದಿ ಸಡಿಲವಾಗಿ ಆಡುವಂತಿರಬೇಕು. ಪ್ಲಸ್ಸು, ಮೈನಸ್ಸು ಎರಡು ಸಲ ನೋಡಿ. ಅದಲುಬದಲಾದರೆ ಸಾವಿರಾರು ರೂಪಾಯಿಯ ಬಲ್ಬು ಕಣ್ಣುಮುಚ್ಚಿ ತೆರೆಯುವುದರೊಳಗೆ ಹಾಳು.

ಇನ್ನೊಂದು ಗುಟ್ಟು. ಪ್ರತಿ ಬಲ್ಬಿಗೂ ಇಷ್ಟು ಗಂಟೆ ಎಂದು ಆಯಸ್ಸು ಬರೆದಿರುತ್ತದೆ. ದೀಪದ ಮೈಮೇಲೆ ಗಂಟೆ ತೋರಿಸುವ ಮೀಟರೂ ಇರುತ್ತದೆ. ಆಯಸ್ಸು ಮುಗಿದ ಬಲ್ಬು ಆರಿಹೋಗುವುದಿಲ್ಲ, ಉರಿಯುತ್ತಲೇ ಇರುತ್ತದೆ. ಅಪಾಯವಿರುವುದೇ ಅಲ್ಲಿ! ಒಳಗಿನ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಕಪ್ಪು ಹಿಡಿದಿರುತ್ತದೆ, ಕಪ್ಪಾದ ಗಾಜು ಇನ್ನೂ ಕಾಯುತ್ತದೆ, ಒಂದು ದಿನ ಸಿಡಿಯುತ್ತದೆ. ಸೆಕೆಂಡ್ ಹ್ಯಾಂಡ್ ದೀಪದ ಮೀಟರನ್ನು ಸೊನ್ನೆಗೆ ತಿರುಗಿಸಿ ಮಾರುವ ಜಾಣರಿದ್ದಾರೆ, ಹುಷಾರು. ಒಮ್ಮೆ ಬೇರೊಬ್ಬರ ದೀಪ ನನ್ನ ದೀಪದ ಪಕ್ಕದಲ್ಲೇ ನಿಂತಿತ್ತು. ಹತ್ತು ಲಕ್ಷ್ಮಿ ಪಟಾಕಿ ಒಟ್ಟಿಗೆ ಹೊಡೆದಂತೆ ಸದ್ದಾಯಿತು. ಒಳಗಿನ ಕನ್ನಡಿ ಪುಡಿಪುಡಿ. ಬಾಗಿಲಿನ ಚಿಲಕ ಭದ್ರವಾಗಿದ್ದುದರಿಂದ ಹೊರಗೆ ಒಂದು ಚೂರೂ ಬರಲಿಲ್ಲ. "ಬಾಗಿಲು ತೆಗೆದು ಒಂದ್ಸಲ ನೋಡ್ಲಾ?" ಎಂದು ಅರ್ಧ ನಿಮಿಷದ ಹಿಂದಷ್ಟೇ ಕೇಳಿದ್ದ ಹುಡುಗ ಅಲ್ಲೇ ಕೂತುಬಿಟ್ಟ.

ಕರೆಂಟಿಗೆ ಅಭಿಮಾನವಿಲ್ಲ

ಇನ್ನು ನಿಲ್ಲಿಸುವ ಬಗೆ. ಗಟ್ಟಿಯಾದ ಸಮತಟ್ಟು ನೆಲ ಬೇಕು. ಹಲಗೆ ಜೋಡಿಸಿದ ಅಟ್ಟ ಬೇಡ, ಲಾರಿಯ ಹಿಂಬದಿ ಬೇಡ. ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರಬಾರದು, ಮರದ ಕೊಂಬೆ ಇರಬಾರದು. ಚಕ್ರಕ್ಕೆ ಲಾಕು ಹಾಕಿ, ಸುತ್ತ ಎರಡಾಳು ದೂರದಲ್ಲಿ ಹಗ್ಗ ಕಟ್ಟಿ. ದೀಪದ ಬಾಯಿಯ ಹತ್ತಿರ ಬ್ಯಾನರ್, ಬಾವುಟ, ಥರ್ಮೋಕೋಲ್, ಹೂವಿನ ಹಾರ ಯಾವುದೂ ಬೇಡ. ಎಷ್ಟೋ ಕಡೆ ಪ್ರೀತಿಯಿಂದ ನನ್ನ ದೀಪಕ್ಕೇ ಹಾರ ಹಾಕಲು ಬರುತ್ತಾರೆ. "ಹಾರ ಕೊರಳಿಗೆ ಹಾಕಪ್ಪಾ, ಇದಕ್ಕೆ ಹಾಕಿದ್ರೆ ಹೋಮ ಆಗತ್ತೆ" ಎನ್ನುತ್ತೇನೆ.

ಬೆಳಕನ್ನು ಆಕಾಶಕ್ಕೇ ಬಿಡಿ. ಎದೆಮಟ್ಟಕ್ಕೆ ಇಳಿಸಿ ಜನರ ಮೇಲೆ ಆಡಿಸುವುದು ಚೇಷ್ಟೆಯಲ್ಲ, ಪಾಪ. ರಸ್ತೆಯಲ್ಲಿ ಬರುವ ಬಸ್ಸಿನ ಡ್ರೈವರ್‌ಗೆ ಆ ಕ್ಷಣ ಏನೂ ಕಾಣುವುದಿಲ್ಲ. ಹಗಲು ಹೊತ್ತಿನಲ್ಲಿ ದೀಪದ ಬಾಯಿಗೆ ಹೊದಿಕೆ ಹಾಕಿಡಿ. ಆರಿದ ದೀಪದಿಂದ ಏನು ಅಪಾಯ ಅನ್ನುತ್ತೀರಾ? ಒಳಗಿರುವುದು ಬಾಗಿದ ಕನ್ನಡಿ ಸ್ವಾಮಿ! ಬಿಸಿಲು ನೇರ ಬಿದ್ದರೆ ಅಷ್ಟನ್ನೂ ಒಂದೇ ಬಿಂದುವಿಗೆ ಕೂಡಿಸಿ ಒಳಗಿನದನ್ನು ಸುಡುತ್ತದೆ, ಚಿಕ್ಕಂದಿನಲ್ಲಿ ಬೂದುಗಾಜಿನಿಂದ ನಾವು ಕಾಗದ ಸುಟ್ಟಂತೆ.

ಕರೆಂಟಿನ ಮಾತಿಗೆ ಬರೋಣ. ಬೀದಿ ಕಂಬಕ್ಕೆ ಕೊಕ್ಕೆ ಹಾಕುವುದು ಕಳ್ಳತನವೂ ಹೌದು, ಸಾವನ್ನು ಕರೆದು ತರುವುದೂ ಹೌದು. 7000 ವ್ಯಾಟಿನ ದೀಪಕ್ಕೆ 15 ಕೆ.ವಿ.ಎ.ಗೆ ಕಡಿಮೆಯಿಲ್ಲದ ಜನರೇಟರು ನಾನಂತೂ ತರಿಸುತ್ತೇನೆ. ಅದನ್ನು ಬಯಲಿನಲ್ಲೇ ಇಡಬೇಕು, ಮುಚ್ಚಿದ ಕೋಣೆಯಲ್ಲಿಟ್ಟರೆ ಅದರ ಹೊಗೆ ಸದ್ದಿಲ್ಲದೆ ಜೀವ ತೆಗೆಯುತ್ತದೆ. ಜನರೇಟರಿನ ಮೈಗೂ ದೀಪದ ಮೈಗೂ ಅರ್ತಿಂಗ್ ಬೇಕೇ ಬೇಕು. ಲೀಕಾದ ಕೂಡಲೇ ಕರೆಂಟು ಕಡಿಯುವ ಇ.ಎಲ್.ಸಿ.ಬಿ. ಇರಬೇಕು. ಕೇಬಲ್ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಹಾಗೇ ಬಿಟ್ಟರೆ ಒಳಗೊಳಗೇ ಕಾದು ಕರಗುತ್ತದೆ. ಟೇಪು ಸುತ್ತಿದ ಜಾಯಿಂಟು ನೆಲದ ಮೇಲೆ ಬೇಡ.

ಸ್ವಿಚ್ ಒತ್ತಿದಾಗ ಬಲ್ಬಿನ ಎರಡು ತುದಿಗಳ ನಡುವೆ ಕಿಡಿ ಹಾರಿಸಲು ಒಂದು ಕ್ಷಣ 20,000 ವೋಲ್ಟಿಗೂ ಮಿಗಿಲಾದ ಹೊಡೆತ ಹುಟ್ಟುತ್ತದೆ. ನಿಮ್ಮ ಮನೆಯ ಕರೆಂಟು 230 ವೋಲ್ಟು ಎಂದು ನೆನಪಿಸಿಕೊಂಡರೆ ಸಾಕು. ಎರಡು ಮೂರು ಸಲಕ್ಕೂ ಹತ್ತಲಿಲ್ಲವೆಂದರೆ ಮೇನ್ ತೆಗೆದು ಗೊತ್ತಿರುವವರನ್ನು ಕರೆಯಿರಿ. ಬಾಗಿಲು ತೆಗೆದು ಇಣುಕಬೇಡಿ. ಮೇನ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಕುಳಿತಿರುತ್ತದೆ.

ಇದೆಲ್ಲ ಪುಸ್ತಕದ ಬದನೆಕಾಯಿ ಅನ್ನಿಸಿದರೆ ಒಂದು ರಾತ್ರಿಯ ಕಥೆ ಹೇಳುತ್ತೇನೆ. ಹಳೇ ಮೈಸೂರು ಕಡೆಯ ಒಂದು ಊರು, ಹೆಸರು ಬೇಡ. ಬೆಳಗಿನ ಜಾವದ ಮೊದಲ ಆಟಕ್ಕೆ ಮೂರು ಗಂಟೆಯಿಂದಲೇ ಜಾತ್ರೆ. ಮೂರಂತಸ್ತಿನ ಮನೆಯೆತ್ತರದ ಕಟೌಟು. ನಾನು ದೀಪವನ್ನು ದೂರದಲ್ಲೇ ನಿಲ್ಲಿಸಿದ್ದೆ. ಕಟೌಟಿಗೆ ಹಾಲಿನ ಅಭಿಷೇಕ ಶುರುವಾಯಿತು. ಕೊಡಗಟ್ಟಲೆ ಹಾಲು ಕಟೌಟಿನ ಪಾದದಿಂದ ಇಳಿದು, ಇಳಿಜಾರು ಹಿಡಿದು, ಸೀರಿಯಲ್ ಸೆಟ್ಟಿನವರು ನೆಲದ ಮೇಲೇ ಇಟ್ಟಿದ್ದ ಒಂದು ಜಾಯಿಂಟ್ ಪೆಟ್ಟಿಗೆಯ ಕಡೆ ಹರಿಯುತ್ತಿದೆ. ಹಾಲು ನೀರಿಗಿಂತಲೂ ಚೆನ್ನಾಗಿ ಕರೆಂಟು ಒಯ್ಯುತ್ತದೆ, ಅದರಲ್ಲಿ ಲವಣವಿದೆ. ಆ ಹಾಲಿನ ಮಡುವಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಹದಿನಾರು ಹದಿನೇಳರ ಹುಡುಗ, ಕೈಯಲ್ಲಿ ಕೊಡ, ಅತ್ತಲೇ ಬರುತ್ತಿದ್ದಾನೆ. ಕಾಲಲ್ಲಿ ಚಪ್ಪಲಿಯೂ ಇಲ್ಲ. ದೇವಸ್ಥಾನಕ್ಕೆ ಬಂದವನಂತೆ ಕಳಚಿಟ್ಟು ಬಂದಿದ್ದ.

ನಾನು ಓಡಿಹೋಗಿ ಮೇನ್ ಎಳೆದೆ. ಸೀರಿಯಲ್ ಸೆಟ್ಟು, ಸರ್ಚ್‌ಲೈಟು, ಮೈಕು ಎಲ್ಲ ಒಟ್ಟಿಗೆ ಕಪ್ಪು! ಸಾವಿರ ಗಂಟಲು ಕೂಗಿದವು. ಇಪ್ಪತ್ತು ಜನ ನನ್ನನ್ನು ಸುತ್ತುಗಟ್ಟಿದರು.

"ಯಾರ್ರೀ ನೀವು ಆಫ್ ಮಾಡಕ್ಕೆ? ಕಾಸ್ ಕೊಟ್ಟಿಲ್ವಾ ನಾವು?"

"ನಮ್ ಬಾಸ್‌ಗೆ ಅವಮಾನ ಮಾಡ್ತೀಯಾ?"

ಮಾತಾಡಿ ಪ್ರಯೋಜನವಿರಲಿಲ್ಲ. ಒಬ್ಬನ ಕೈಯಿಂದ ಟಾರ್ಚು ಇಸಿದುಕೊಂಡು ಆ ಪೆಟ್ಟಿಗೆಯ ಮುಚ್ಚಳ ತೆಗೆದು ಬೆಳಕು ಹಿಡಿದೆ. ಒಳಗೆ ಅರ್ಧದಷ್ಟು ಹಾಲು ನಿಂತಿತ್ತು. ತಾಮ್ರದ ತಂತಿ ಅದರಲ್ಲಿ ಮುಳುಗಿತ್ತು. ಸಂಘದ ಅಧ್ಯಕ್ಷ ಬಗ್ಗಿ ನೋಡಿದ, ಹುಡುಗನ ಬರಿಗಾಲು ನೋಡಿದ, ಮತ್ತೆ ಮಾತಾಡಲಿಲ್ಲ. ತಾನೇ ಮೈಕಿಲ್ಲದೆ ಕೂಗಿ ಜನರನ್ನು ಹಿಂದೆ ಸರಿಸಿದ. ನೆಲ ತೊಳೆದು, ಒರೆಸಿ, ಹೊಸ ಪೆಟ್ಟಿಗೆಯನ್ನು ಮೇಜಿನ ಮೇಲೆ ಕಟ್ಟಿ ನಲವತ್ತು ನಿಮಿಷದ ಮೇಲೆ ದೀಪ ಹಚ್ಚಿದೆವು. ಆ ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ, "ಅಣ್ಣಾ, ನಮ್ಮವ್ವಂಗೆ ಯಾರೂ ಹೇಳಲ್ಲ ಅಲ್ವಾ?" ಅಂದ. ಅವನ ತಾಯಿ ಯಾರೋ, ಮನೆ ಎಲ್ಲಿಯೋ ನನಗೆ ಗೊತ್ತಿಲ್ಲ. ಆ ಬೆಳಗ್ಗೆ ಅವರ ಮನೆ ಬಾಗಿಲಿಗೆ ಯಾರೂ ಸುದ್ದಿ ಒಯ್ಯಬೇಕಾಗಲಿಲ್ಲ, ಅಷ್ಟು ಗೊತ್ತು.

ಎಲ್ಲ ಊರಿನಲ್ಲೂ ಹಾಗಾಗುವುದಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ನೆಚ್ಚಿನ ನಟನ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟು ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಸತ್ತರು. ಆ ನಟರೇ ಧಾವಿಸಿ ಬಂದು ಮನೆಯವರನ್ನು ಕಂಡರು. ಬಂದರೇನು, ಹೋದ ಮಕ್ಕಳು ಬರುತ್ತಾರೆಯೇ? ರಾಜಕುಮಾರ್ ಅವರು ನಮ್ಮನ್ನೆಲ್ಲ ಅಭಿಮಾನಿ ದೇವರುಗಳು ಎಂದು ಕರೆದರು. ಕರೆಂಟಿಗೆ ದೇವರೂ ಗೊತ್ತಿಲ್ಲ, ಅಭಿಮಾನಿಯೂ ಗೊತ್ತಿಲ್ಲ.

ಆಕಾಶ ನಮ್ಮೊಬ್ಬರದಲ್ಲ

ಬೆಂಗಳೂರಿನಲ್ಲಿ ದೀಪ ಹಚ್ಚುವವರಿಗೆ ಇನ್ನೊಂದು ಮಾತು. ಮೊದಲು ನಾಗರಿಕ ವಿಮಾನಗಳು ಎಚ್.ಎ.ಎಲ್.ನಲ್ಲಿ ಇಳಿಯುತ್ತಿದ್ದವು, 2008ರ ಮೇ ತಿಂಗಳಿಂದ ದೇವನಹಳ್ಳಿಯಲ್ಲಿ. ಹಾಗೆಂದು ಊರೊಳಗಿನ ಆಕಾಶ ಖಾಲಿಯೆಂದು ತಿಳಿಯಬೇಡಿ. ಎಚ್.ಎ.ಎಲ್., ಯಲಹಂಕ, ಜಕ್ಕೂರು—ಮೂರು ಕಡೆಯೂ ವಿಮಾನ ಹಾರಾಟವಿದೆ. ಇಳಿಯುವ ಹೊತ್ತಿನಲ್ಲಿ ಪೈಲಟ್ಟಿನ ಕಣ್ಣಿಗೆ ಬೆಳಕು ಕೋರೈಸಿದರೆ, ಕತ್ತಲಿಗೆ ಒಗ್ಗಿದ್ದ ಆ ಕಣ್ಣು ಮತ್ತೆ ಸರಿಹೋಗಲು ಹೊತ್ತು ಬೇಕು. ಅವನ ಹಿಂದೆ ನೂರಾರು ಜನ ಕೂತಿರುತ್ತಾರೆ. ವಿಮಾನ ನಿಲ್ದಾಣದ ಸುತ್ತಮುತ್ತ ಇಂಥ ದೀಪ ಬಿಡಬೇಕಾದರೆ ಅಲ್ಲಿನವರಿಗೂ ಪೊಲೀಸರಿಗೂ ತಿಳಿಸಿ ಒಪ್ಪಿಗೆ ಪಡೆಯಲೇಬೇಕು. ಒಪ್ಪಿಗೆ ಕಾಗದ ಕೈಯಲ್ಲಿಲ್ಲದೆ ನಾನು ಜನರೇಟರಿಗೆ ಡೀಸೆಲ್ಲೇ ಹಾಕುವುದಿಲ್ಲ.

ಹಕ್ಕಿಗಳ ಪಾಡೂ ಅಷ್ಟೆ. ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ 11ರ ದುರಂತದ ನೆನಪಿಗೆ ಪ್ರತಿ ವರ್ಷ 7000 ವ್ಯಾಟಿನ 88 ಕ್ಸೆನಾನ್ ದೀಪಗಳನ್ನು ಆಕಾಶಕ್ಕೆ ಹಚ್ಚುತ್ತಾರೆ. ವಲಸೆ ಹೊರಟ ಹಕ್ಕಿಗಳು ದಾರಿ ಮರೆತು ಆ ಬೆಳಕಿನೊಳಗೇ ಗಿರಗಿರನೆ ಸುತ್ತಿ ಬಳಲುತ್ತವೆ. ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳಿಗೆ ತೊಂದರೆಯಾಗಿದೆಯೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಅಲ್ಲಿ ಸಾವಿರಕ್ಕಿಂತ ಹೆಚ್ಚು ಹಕ್ಕಿ ಸಿಕ್ಕಿಕೊಂಡರೆ 20 ನಿಮಿಷ ದೀಪ ಆರಿಸುತ್ತಾರೆ, ಹಕ್ಕಿಗಳು ಚದುರಿ ಹೋಗುತ್ತವೆ. ಸತ್ತವರ ನೆನಪಿನ ದೀಪವನ್ನೇ ಹಕ್ಕಿಗೋಸ್ಕರ ಆರಿಸಬಹುದಾದರೆ, ನಮ್ಮ ಸಿನಿಮಾ ದೀಪ ರಾತ್ರಿಯಿಡೀ ಉರಿಯಬೇಕೆಂದು ಹಟವೇಕೆ? ನಾನು ಅರ್ಧ ಗಂಟೆ ಹಚ್ಚಿ ಸ್ವಲ್ಪ ಹೊತ್ತು ಆರಿಸುತ್ತೇನೆ. ಕಂಡವರಿಗೆ ಮತ್ತೆ ಹತ್ತಿದಾಗ ಇನ್ನಷ್ಟು ಖುಷಿ.

ಆರಿಸುವುದೂ ಒಂದು ವಿದ್ಯೆ

ಕೊನೆಯ ಪಾಠ, ಬಹಳ ಜನ ಮರೆಯುವ ಪಾಠ. ಕ್ಸೆನಾನ್ ದೀಪವನ್ನು ಆರಿಸಿದ ಕೂಡಲೇ ಜನರೇಟರನ್ನೂ ಆಫ್ ಮಾಡಬಾರದು. ದೀಪದ ಒಳಗಿನ ಫ್ಯಾನು ಇನ್ನೂ ಹತ್ತು ಹದಿನೈದು ನಿಮಿಷ ತಿರುಗುತ್ತಲೇ ಇರಬೇಕು, ಬಲ್ಬು ನಿಧಾನವಾಗಿ ತಣಿಯಬೇಕು. ಡೀಸೆಲ್ ಖಾಲಿಯಾಗಿ ಫ್ಯಾನು ತಟ್ಟನೆ ನಿಂತರೆ ಕಾದ ಗಾಜಿಗೆ ಅದಕ್ಕಿಂತ ಕೆಟ್ಟ ಏಟಿಲ್ಲ. ಮಳೆ ಹನಿ ಬಿದ್ದರಂತೂ ಹೇಳುವುದೇ ಬೇಡ. ಅದಕ್ಕೇ ಮೊದಲು ಡೀಸೆಲ್ ನೋಡಿ, ಆಮೇಲೆ ಮೋಡ ನೋಡಿ, ಅದಾದ ಮೇಲೆ ಸ್ವಿಚ್ ಮುಟ್ಟಿ.

ಹೀಗಾಗಿ ನನ್ನ ಪಾಲಿಗೆ ಒಂದು ವಿಚಿತ್ರ ನಿಯಮ ಅಂಟಿಕೊಂಡಿದೆ. ಗೇಟು ತೆಗೆದು ನೀವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ನುಗ್ಗುತ್ತೀರಿ. ಬೀದಿ ಖಾಲಿಯಾಗುತ್ತದೆ. ಚೆಲ್ಲಿದ ಹೂವು, ಕಾಗದ, ಪಟಾಕಿ ಸಿಪ್ಪೆ. ಗೋಡೆಯಾಚೆಯಿಂದ ಹೋ ಎಂಬ ಸದ್ದು ಕೇಳಿದಾಗ, ನಾಯಕ ಪರದೆ ಮೇಲೆ ಬಂದನೆಂದು ತಿಳಿಯುತ್ತದೆ. ನಾನು ಮಾತ್ರ ಕುರ್ಚಿಯೊಂದನ್ನು ಎಳೆದುಕೊಂಡು ದೀಪದ ಪಕ್ಕ ಕೂತು, ಫ್ಯಾನಿನ ಸದ್ದು ಕೇಳುತ್ತಾ ಗಡಿಯಾರ ನೋಡುತ್ತಿರುತ್ತೇನೆ. ಇಷ್ಟು ವರ್ಷದಲ್ಲಿ ನಾನು ಬೆಳಕು ಬಿಟ್ಟ ಯಾವ ಚಿತ್ರದ ಮೊದಲ ರೀಲನ್ನೂ ಅದೇ ಆಟದಲ್ಲಿ ನೋಡಿದವನಲ್ಲ.

ನಿಮ್ಮ ಸಂಘದ ದೀಪದ ಪಕ್ಕದಲ್ಲೂ ಒಬ್ಬನನ್ನು ಹಾಗೆ ಕೂರಿಸಿ. ಮೊದಲ ರೀಲಿನಲ್ಲಿ ಏನಾಯಿತೆಂದು ಇಂಟರ್‌ವಲ್‌ನಲ್ಲಿ ಅವನಿಗೆ ಹೇಳಿ, ಜೊತೆಗೊಂದು ಕಾಫಿ ಕೊಡಿಸಿ.